ದೇವಗಡದ ದೀಪಸ್ತಂಭ ಮತ್ತು ಕಾರವಾರದ ಹತ್ತಿಯ ಬಂದರು

ಕಾರವಾರದ ಎದುರಿಗೆ ಅರಬ್ಬೀ ಸಮುದ್ರದಲ್ಲಿರುವ ದೇವಗಡ ದ್ವೀಪದ ದೀಪಸ್ತಂಭವನ್ನು ಮಳೆಗಾಲಕ್ಕೆ ಮುನ್ನ ಕಾಣಬಯಸುವವರಿಗೆ ಮೇ ತಿಂಗಳ ಕೊನೆಯ ದಿನಗಳೇ ಕಡೆಯ ಅವಕಾಶ. ಜೂನ್ ಆರಂಭಕ್ಕೆ ಯಾಂತ್ರಿಕ ದೋಣಿಗಳು ದಡ ಸೇರುತ್ತವೆ. ನೈಋತ್ಯ ಮಾರುತ ಬಲಗೊಂಡ ಮೇಲೆ ದ್ವೀಪದ ಬಂಡೆಗಳ ಬಳಿ ದೋಣಿ ನಿಲ್ಲಿಸುವುದೇ ದುಸ್ತರ. ಬೇಸಗೆಯ ಈ ಅಂಚಿನಲ್ಲಿ ನಿಂತು ನೋಡಿದಾಗಲೇ, 1864ರಲ್ಲಿ ಇಲ್ಲಿ ದೀಪವೇಕೆ ಬೇಕಾಯಿತೆಂಬುದು ಸ್ಪಷ್ಟವಾಗುತ್ತದೆ.

ಧಾರವಾಡ ಸೀಮೆಯ ಹತ್ತಿ ಬಿಡಿಸುವುದು ಬೇಸಗೆಯಲ್ಲಿ. ಅದು ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಕುಮಟೆಗೆ ಬಂದು, ಅಲ್ಲಿಂದ ಹಾಯಿಹಡಗುಗಳಲ್ಲಿ ಮುಂಬಯಿಗೆ ಹೋಗಬೇಕಿತ್ತು. ಕುಮಟೆಯದು ತೆರೆದ ಕಡಲು. ಮಳೆ ಹಿಡಿದರೆ ಅಲ್ಲಿನ ವಹಿವಾಟು ನಿಂತಿತು. ಸಕಾಲಕ್ಕೆ ಹಡಗೇರದ ಹತ್ತಿ ಮಳೆಗಾಲವಿಡೀ ಉಳಿಯಬೇಕು. ಕಾರವಾರದ ಕೊಲ್ಲಿಗಾದರೋ ಭೂಶಿರವೂ ದ್ವೀಪಗಳೂ ಅಡ್ಡಲಾಗಿರುವುದರಿಂದ ಮಳೆಗಾಲದಲ್ಲಿಯೂ ಆಶ್ರಯವುಂಟು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ತಪ್ಪಿದಾಗ ಮ್ಯಾಂಚೆಸ್ಟರಿನ ವರ್ತಕರ ಕಣ್ಣು ಈ ಕೊಲ್ಲಿಯ ಮೇಲೆ ಬಿದ್ದುದು ಇದರಿಂದಲೇ. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ವರ್ಗವಾಯಿತು. ಈ ವರ್ಗಾವಣೆಯನ್ನು ಬರಿಯ ಆಡಳಿತಾನುಕೂಲವೆಂದು ತಿಳಿಯುವುದು ಸರಿಯಲ್ಲ. ಹತ್ತಿ ಬೆಳೆಯುವ ಜಿಲ್ಲೆ ಒಂದು ಸರ್ಕಾರದಲ್ಲಿ, ಅದರ ಬಂದರು ಇನ್ನೊಂದರಲ್ಲಿ ಇದ್ದುದೇ ವರ್ತಕರ ದೊಡ್ಡ ದೂರಾಗಿತ್ತು.

ದೀಪ ಬೆಳಗಿತು. ಆದರೆ ಮರುವರ್ಷವೇ ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿಯಿತು. ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲು ಬರಲಿಲ್ಲ. 1880ರ ದಶಕದಲ್ಲಿ ಘಟ್ಟವೇರಿದ ರೈಲು ಪೋರ್ಚುಗೀಸರ ಮರ್ಮಗೋವಾ ಬಂದರಿನದು. ಒಳನಾಡಿನ ಸರಕು ಅತ್ತ ತಿರುಗಿತು. 1883ರಲ್ಲಿ ಇಲ್ಲಿ ತಂಗಿದ್ದ ರವೀಂದ್ರನಾಥ ಠಾಕೂರರನ್ನು ಕಾರವಾರದ ಬಗ್ಗೆ ಬರೆದವರೆಲ್ಲ ನೆನೆಯುತ್ತಾರೆ. ಅವರು ಕಂಡ ನಿಸರ್ಗಶಾಂತಿಯಲ್ಲಿ ಕೈಗೂಡದ ಬಂದರಿನ ಮೌನವೂ ಸ್ವಲ್ಪ ಬೆರೆತಿರಬಹುದು.

ದೀಪಸ್ತಂಭವೊಂದೇ ತನ್ನ ಕೆಲಸ ಬಿಡಲಿಲ್ಲ. ಯಾರ ಹತ್ತಿಗಾಗಿ ಅದನ್ನು ಹಚ್ಚಿದರೋ ಅವರು ಹೋದ ಮೇಲೂ ಮೀನುಗಾರರಿಗೂ ಕರಾವಳಿಯ ಹಡಗುಗಳಿಗೂ ಅದು ದಾರಿ ತೋರುತ್ತ ಬಂದಿತು. ರೈಲು ಕಾರವಾರಕ್ಕೆ ಬಂದದ್ದು 1990ರ ದಶಕದಲ್ಲಿ. ಅದೂ ಘಟ್ಟವಿಳಿದಲ್ಲ, ಕೊಂಕಣ ರೈಲುಮಾರ್ಗವಾಗಿ ಕರಾವಳಿಯ ಉದ್ದಕ್ಕೆ. ದೇವಗಡದ ದಕ್ಷಿಣಕ್ಕೆ, ಅಂಜದೀವದ ಮರೆಯಲ್ಲಿ, 2005ರಲ್ಲಿ ನೌಕಾಪಡೆಯ ಕದಂಬ ನೆಲೆ ಕಾರ್ಯಾರಂಭ ಮಾಡಿತು.