ಏಕಾಕಿ ಭೂಪ್ರದಕ್ಷಿಣೆಯಲ್ಲಿ ಪ್ರಾಥಮ್ಯವಿಚಾರ

ಒಬ್ಬನೇ ನಾವಿಕನು ಹಾಯಿದೋಣಿಯನ್ನು ನಡೆಸಿ ಭೂಮಂಡಲವನ್ನು ಬಳಸಿ ಬಂದ ಸಾಹಸದ ಇತಿಹಾಸವು ಜೋಷುವಾ ಸ್ಲೋಕಮನಿಂದ ಮೊದಲಾಗುತ್ತದೆ. 1895ರಲ್ಲಿ ಬಾಸ್ಟನ್ ರೇವನ್ನು ಬಿಟ್ಟ ಈತನು 'ಸ್ಪ್ರೇ' ಎಂಬ ದೋಣಿಯಲ್ಲಿ ಭೂಪ್ರದಕ್ಷಿಣೆಯನ್ನು ಮುಗಿಸಿ 1898ರಲ್ಲಿ ನ್ಯೂಪೋರ್ಟನ್ನು ಸೇರಿದನು. ಈ ಸಾಹಸಿಗಳ ಸಾಲಿಗೆ ಆಫ್ರಿಕಾ ಮೂಲದ ಅಮೆರಿಕನ್ನನೊಬ್ಬನು ಬಂದು ಸೇರಲು ಆಮೇಲೆ ಸುಮಾರು ತೊಂಬತ್ತು ವರ್ಷಗಳು ಹಿಡಿದುವು. ಮೊದಲು ಸೇರಿದವರು ಯಾರೆಂಬ ಪ್ರಶ್ನೆಗೆ ಟೆಡ್ಡಿ ಸೀಮೂರ್ ಎಂದೂ ಬಿಲ್ ಪಿಂಕ್ನಿ ಎಂದೂ ಎರಡು ಉತ್ತರಗಳುಂಟು. ಇವು ಪರಸ್ಪರ ವಿರುದ್ಧವೇ ಎಂಬುದು ವಿಚಾರಾರ್ಹವಾಗಿದೆ.

ಈ ವಿಳಂಬಕ್ಕೆ ನೌಕಾವಿದ್ಯೆಯ ಅಭಾವವು ಕಾರಣವಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದ ಹಡಗುಗಳಲ್ಲಿ ಕರಿಯ ನಾವಿಕರು ಬಹುಮಂದಿ ದುಡಿಯುತ್ತಿದ್ದರು. ಮಸಾಚುಸೆಟ್ಸಿನ ಪಾಲ್ ಕಫಿ (1759–1817) ಎಂಬಾತನು ಸ್ವಂತ ಹಡಗುಗಳ ಒಡೆಯನಾಗಿ, ತಾನೇ ನಾಯಕನಾಗಿ ಆಫ್ರಿಕಾದವರೆಗೂ ಯಾನಮಾಡಿದ್ದನು. ಆದರೆ ವಿಹಾರದೋಣಿಯನ್ನು ಕೊಳ್ಳುವ ಧನವೂ, ವರ್ಷಗಟ್ಟಲೆ ಸಂಪಾದನೆಯನ್ನು ಬಿಟ್ಟಿರುವ ಅವಕಾಶವೂ ಆ ಜನಾಂಗದವರಿಗೆ ದುರ್ಲಭವಾಗಿದ್ದುವು.

ಸೀಮೂರ್ ಅವರು ಅಮೆರಿಕದ ಮರೀನ್ ದಳದಲ್ಲಿ ಅಧಿಕಾರಿಯಾಗಿದ್ದವರು. 1986ರಲ್ಲಿ ಕೆರಿಬಿಯನ್ ಸಮುದ್ರದ ಸೇಂಟ್ ಕ್ರಾಯ್ ದ್ವೀಪದಿಂದ 'ಲವ್ ಸಾಂಗ್' ಎಂಬ 35 ಅಡಿಯ ದೋಣಿಯಲ್ಲಿ ಹೊರಟು, ಪನಾಮಾ ಮತ್ತು ಸೂಯೆಜ್ ಕಾಲುವೆಗಳ ಮಾರ್ಗವಾಗಿ ಲೋಕವನ್ನು ಸುತ್ತಿ, 1987ರಲ್ಲಿ ಅದೇ ದ್ವೀಪವನ್ನು ಮುಟ್ಟಿದರು. ಆದುದರಿಂದ ಕಾಲಕ್ರಮದಲ್ಲಿ ಪ್ರಾಥಮ್ಯವು ಇವರದೇ.

ಪಿಂಕ್ನಿ ಅವರು 1935ರಲ್ಲಿ ಷಿಕಾಗೋ ನಗರದಲ್ಲಿ ಜನಿಸಿದರು. ಇವರ ತಾಯಿ ಪರರ ಮನೆಗಳಲ್ಲಿ ಕೆಲಸಮಾಡಿ ಮಕ್ಕಳನ್ನು ಸಾಕಿದರು. ಕಡಲಿಗೆ ಅಂಜುತ್ತಿದ್ದ ದ್ವೀಪವಾಸಿ ಬಾಲಕನೊಬ್ಬನು ಏಕಾಕಿಯಾಗಿ ಯಾನಮಾಡಿ ಧೈರ್ಯವನ್ನು ಪಡೆದ ಕಥೆಯೊಂದನ್ನು ಶಾಲೆಯಲ್ಲಿ ಓದಿದುದು ಇವರ ಸಂಕಲ್ಪಕ್ಕೆ ಬೀಜವಾಯಿತು. ಕಾಲುವೆಗಳ ಮಾರ್ಗವನ್ನೇ ಇವರೂ ಮೊದಲು ಯೋಚಿಸಿದ್ದರು. 1968–69ರಲ್ಲಿ ಎಲ್ಲಿಯೂ ತಂಗದೆ ಏಕಾಕಿಯಾಗಿ ಲೋಕವನ್ನು ಸುತ್ತಿದ್ದ ರಾಬಿನ್ ನಾಕ್ಸ್-ಜಾನ್‌ಸ್ಟನ್ ಅವರ ಸಲಹೆಯಿಂದ ದಕ್ಷಿಣದ ಭೂಶಿರಗಳ ಮಾರ್ಗವನ್ನು ಆರಿಸಿಕೊಂಡರು. 1990ರ ಆಗಸ್ಟಿನಲ್ಲಿ, ಸ್ಲೋಕಮನು ಹೊರಟ ಬಾಸ್ಟನ್ನಿನಿಂದಲೇ, 'ಕಮಿಟ್‌ಮೆಂಟ್' ಎಂಬ 47 ಅಡಿಯ ದೋಣಿಯಲ್ಲಿ ಹೊರಟು, ನಡುವೆ ಕೇಪ್‌ಟೌನ್, ಹೋಬಾರ್ಟ್ ಮೊದಲಾದ ರೇವುಗಳಲ್ಲಿ ತಂಗಿ, ಹಾರ್ನ್ ಭೂಶಿರವನ್ನು ಬಳಸಿ, 1992ರ ಜೂನಿನಲ್ಲಿ ಹಿಂದಿರುಗಿದರು. ಐದು ಮಹಾಭೂಶಿರಗಳನ್ನು ಬಳಸಿ ಏಕಾಕಿಯಾಗಿ ಭೂಪ್ರದಕ್ಷಿಣೆ ಮಾಡಿದ ಆಫ್ರಿಕಾ ಮೂಲದ ಅಮೆರಿಕನ್ನರಲ್ಲಿ ಇವರೇ ಮೊದಲಿಗರು.

ಈ ಎರಡು ಮಾರ್ಗಗಳ ಭೇದವು ಕೇವಲ ಭೂಪಟದ್ದಲ್ಲ. ದಕ್ಷಿಣ ಅಕ್ಷಾಂಶ 40ರಿಂದಾಚೆಗೆ ಪಡುವಣ ಗಾಳಿಯನ್ನು ತಡೆಯುವ ನೆಲವು ಅತ್ಯಲ್ಪವಾಗಿ, ಅಲೆಗಳು ಸಾವಿರಾರು ಮೈಲಿ ಬೆಳೆಯುತ್ತ ಬರುತ್ತವೆ. ಅಪಾಯ ಬಂದರೆ ಆಶ್ರಯವು ಬಲುದೂರ. ಹಾಗೆಂದು ಸೀಮೂರರ ಮಾರ್ಗವನ್ನು ಸುಲಭವೆಂದು ಎಣಿಸಲಾಗದು. ಕೆಂಪುಸಮುದ್ರದ ಉತ್ತರಭಾಗದ ಎದುರುಗಾಳಿಯೂ, ಹಡಗುಗಳ ದಟ್ಟಣೆಯಲ್ಲಿ ನಿದ್ರೆಗೆಟ್ಟು ಕಾಯುವ ಕಷ್ಟವೂ ಒಂಟಿ ನಾವಿಕನಿಗೆ ಕಠಿನವಾದ ಪರೀಕ್ಷೆಗಳೇ. ಆದಕಾರಣ ಒಂದನ್ನು ಹೊಗಳಲು ಇನ್ನೊಂದನ್ನು ಮರೆಯುವುದು ಇತಿಹಾಸಧರ್ಮವಲ್ಲ. 'ಪ್ರಥಮ' ಎಂಬ ಶಬ್ದವು ವಿಶೇಷಣವನ್ನು ಅಪೇಕ್ಷಿಸುತ್ತದೆ. ಅದನ್ನು ಕೊಟ್ಟೊಡನೆ ವಿವಾದವು ತಾನೇ ಅಡಗುತ್ತದೆ.

ಪಿಂಕ್ನಿ ಅವರ ಯಾನಕ್ಕೆ ಮತ್ತೊಂದು ಪ್ರಯೋಜನವಿತ್ತು. ಬಾಸ್ಟನ್ ಮತ್ತು ಷಿಕಾಗೋ ನಗರಗಳ ಶಾಲಾಬಾಲಕರು ಅದನ್ನು ಪಾಠವಾಗಿ ಅನುಸರಿಸಿದರು. ಇವರು ಕೇಪ್‌ಟೌನಿನಲ್ಲಿ ಇಳಿದಾಗ ಆ ದೇಶದಲ್ಲಿ ವರ್ಣಭೇದದ ಕಾನೂನುಗಳು ಇನ್ನೂ ಪೂರ್ಣವಾಗಿ ರದ್ದಾಗಿರಲಿಲ್ಲ. 1839ರಲ್ಲಿ ಆಫ್ರಿಕಾದ ಬಂದಿಗಳು ದಂಗೆಯೆದ್ದು ವಶಪಡಿಸಿಕೊಂಡ 'ಅಮಿಸ್ಟಾಡ್' ಹಡಗಿನ ಪ್ರತಿಕೃತಿಯು 2000ದಲ್ಲಿ ನೀರಿಗಿಳಿದಾಗ, ಅದರ ಮೊದಲ ನಾಯಕರಾದವರೂ ಪಿಂಕ್ನಿ ಅವರೇ. 2023ರಲ್ಲಿ ಇವರು ನಿಧನರಾದರು.

ಒಂದು ಕೋಟಿಗೂ ಮಿಕ್ಕ ಆಫ್ರಿಕನ್ನರನ್ನು ಸಂಕೋಲೆಯಲ್ಲಿ ಸಾಗಿಸಿದ ಅಟ್ಲಾಂಟಿಕ್ ಸಾಗರದ ಮೇಲೆ, ಅದೇ ಮೂಲದ ಇಬ್ಬರು ತಮ್ಮ ಇಚ್ಛೆಯಿಂದ, ತಮ್ಮ ಕೈಯಲ್ಲಿಯೇ ಚುಕ್ಕಾಣಿಯನ್ನು ಹಿಡಿದು ಸಾಗಿದರು. ಯಾರು ಮೊದಲು ಎಂಬ ಪ್ರಶ್ನೆಗಿಂತಲೂ ಇದು ಸ್ಮರಣೀಯವಾದುದು.