ಪರಂಗಿಮಲೆಯ ಶಿಲುಬೆ ಶಾಸನ: ತ್ರಿತ್ವ ಹುಡುಕಿದವರಿಗೆ ಸಿಕ್ಕಿದ್ದೇನು?

ಚೆನ್ನೈ ವಿಮಾನ ನಿಲ್ದಾಣದ ಹತ್ತಿರ ಸೇಂಟ್ ಥಾಮಸ್ ಮೌಂಟ್ ಅನ್ನೋ ಗುಡ್ಡವಿದೆ. ತಮಿಳರ ಬಾಯಲ್ಲಿ ಅದು ಪರಂಗಿಮಲೆ. ಮೇಲಿನ ಚರ್ಚಿನ ಪೂಜಾಪೀಠದ ಹಿಂದೆ, ಗೋಡೆಯಲ್ಲಿ ಒಂದು ಕಲ್ಲಿನ ಚಪ್ಪಡಿ ಕೂರಿಸಿದ್ದಾರೆ. ಉಬ್ಬುಗೆತ್ತನೆಯ ಶಿಲುಬೆ, ತೋಳುಗಳ ತುದಿಯಲ್ಲಿ ಮೊಗ್ಗು, ಬುಡದಲ್ಲಿ ಎರಡೂ ಕಡೆ ಬಾಗಿದ ದಳಗಳು, ನೆತ್ತಿಯ ಮೇಲೆ ಇಳಿದು ಬರುತ್ತಿರುವ ಹಕ್ಕಿ, ಅಕ್ಕಪಕ್ಕ ಕಂಬ, ಮೇಲೆ ಕಮಾನು. ಶಿಲುಬೆಯ ಮೇಲೆ ಯೇಸುವಿನ ದೇಹ ಇಲ್ಲ, ಬರೀ ಶಿಲುಬೆ. ಕಮಾನಿನ ಪಟ್ಟಿಯುದ್ದಕ್ಕೂ ಒಂದೇ ಒಂದು ಸಾಲಿನ ಶಾಸನ. ಲಿಪಿ ತಮಿಳೂ ಅಲ್ಲ, ಗ್ರಂಥವೂ ಅಲ್ಲ, ಪಹ್ಲವಿ. ಅಂದರೆ ಇಸ್ಲಾಂ ಬರುವ ಮೊದಲಿನ ಪರ್ಶಿಯಾದ ಬರಹ. ಅಕ್ಷರದ ಆಕಾರ ನೋಡಿ ವಿದ್ವಾಂಸರು ಸಾಮಾನ್ಯವಾಗಿ ಕ್ರಿ.ಶ. 6ರಿಂದ 9ನೇ ಶತಮಾನದ ನಡುವೆ ಇದನ್ನು ಇಡುತ್ತಾರೆ.

ಹತ್ತು-ಹನ್ನೆರಡು ಪದಗಳ ಈ ಒಂದು ಸಾಲಿನಿಂದ ಕ್ರೈಸ್ತ ಧರ್ಮದ ಅತಿ ದೊಡ್ಡ ಜಗಳದ ಎಲ್ಲ ಪಕ್ಷಗಳನ್ನೂ ಒಬ್ಬರಲ್ಲ ಒಬ್ಬರು ಮಾತಾಡಿಸಿದ್ದಾರೆ. ದೇವರು ಒಬ್ಬನೋ ಮೂವರೋ, ಯೇಸು ಎಷ್ಟು ದೇವರು ಎಷ್ಟು ಮನುಷ್ಯ ಅನ್ನುವ ಜಗಳ ಅದು.

ಚಪ್ಪಡಿ ಸಿಕ್ಕಿದ್ದು 1547ರಲ್ಲಿ, ಪೋರ್ಚುಗೀಸರು ಗುಡ್ಡದ ಮೇಲೆ ಹೊಸ ಪ್ರಾರ್ಥನಾಮಂದಿರಕ್ಕೆ ಪಾಯ ತೋಡುತ್ತಿದ್ದಾಗ. ಅಪೊಸ್ತಲ ತೋಮನು ಇಲ್ಲೇ ಈಟಿಯಿಂದ ಇರಿದು ಕೊಲ್ಲಲ್ಪಟ್ಟ ಎಂಬ ನಂಬಿಕೆ ಆಗಲೇ ಬಲವಾಗಿತ್ತು. ಅಕ್ಷರ ಮಾತ್ರ ಯಾರಿಗೂ ಓದಲು ಬರಲಿಲ್ಲ. 1561ರ ಸುಮಾರಿಗೆ ನರ್ಸಿಂಗ ರಾಜ್ಯದ ಒಬ್ಬ ಬ್ರಾಹ್ಮಣ ಪಂಡಿತನನ್ನು ಕರೆಸಿದರು. ನರ್ಸಿಂಗ ಅಂದರೆ ಬೇರೇನಲ್ಲ, ನಮ್ಮ ವಿಜಯನಗರ. ಸಾಳುವ ನರಸಿಂಹನ ಹೆಸರಿನಿಂದ ಪೋರ್ಚುಗೀಸರ ಬಾಯಿಗೆ ಹತ್ತಿದ ಪದ. ಆ ಪಂಡಿತ ಓದಿಯೇ ಬಿಟ್ಟ! ಒಂದೊಂದು ಅಕ್ಷರಕ್ಕೂ ಹಲವಾರು ಪದಗಳ ಅರ್ಥವಿದೆ ಅಂದ. ಆ ಓದಿನ ಒಂದು ಪಾಠದ ಪ್ರಕಾರ ಕಲ್ಲಿನಲ್ಲಿದ್ದದ್ದು ಒಂದು ಇಡೀ ಧರ್ಮಬೋಧೆ: ದೇವರು ಕನ್ಯೆಯಲ್ಲಿ ಹುಟ್ಟಿದ, ಮೂವತ್ತು ವರ್ಷ ಯೋಸೇಫನ ಮಾತು ಕೇಳಿಕೊಂಡಿದ್ದ, ಆದರೂ ಅವನೇ ಅನಾದಿ ದೇವರು, ಅವನ ಶಿಷ್ಯ ತೋಮ ಮೈಲಾಪುರಕ್ಕೆ ಬಂದು ಇಲ್ಲೇ ಸತ್ತ, ಇತ್ಯಾದಿ. ಬೇರೆ ಊರಿನ ಇನ್ನೊಬ್ಬ ಪಂಡಿತನೂ ಹಾಗೇ ಓದಿದನಂತೆ. ಕೇಳುವವರಿಗೆ ಏನು ಬೇಕಿತ್ತೋ ಅದು ಕಲ್ಲಿನಿಂದ ಬಂತು. ಪಂಡಿತರನ್ನು ಮಾತ್ರ ದೂರುವುದು ನ್ಯಾಯವಲ್ಲ. ಮುಂದೆ ಬಂದ ಯುರೋಪಿನ ಭಾಷಾಶಾಸ್ತ್ರಜ್ಞರ ಕತೆಯೂ ಬಹಳ ಬೇರೆಯೇನಲ್ಲ.

ಆ ಕತೆಗೆ ಹೋಗುವ ಮೊದಲು ಜಗಳ ಏನಿತ್ತು ಅಂತ ನೋಡಿಬಿಡೋಣ.

325ರಲ್ಲಿ ನೈಸೀಯಾದಲ್ಲಿ ಬಿಷಪ್ಪರ ಸಭೆ ಸೇರಿದ್ದು ಅಲೆಕ್ಸಾಂಡ್ರಿಯದ ಅರಿಯಸ್ ಎತ್ತಿದ ಪ್ರಶ್ನೆಗೆ. ಮಗನಾದ ಕ್ರಿಸ್ತನು ತಂದೆಯಿಂದ ಸೃಷ್ಟಿಯಾದವನು, ಆದ್ದರಿಂದ ತಂದೆಗೆ ಸಮನಲ್ಲ ಎಂದು ಅರಿಯಸನ ವಾದ. ಸಭೆ ಒಪ್ಪಲಿಲ್ಲ, ಇಬ್ಬರದೂ ಒಂದೇ ಸತ್ವ ಅಂತ ತೀರ್ಮಾನವಾಯಿತು. 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಪವಿತ್ರಾತ್ಮನ ಸ್ಥಾನವೂ ಗಟ್ಟಿಯಾಗಿ, ತ್ರಿತ್ವ ಕಾಗದದ ಮೇಲಾದರೂ ಇತ್ಯರ್ಥವಾಯಿತು. ಹೊಸ ತೊಡಕು ಹುಟ್ಟಿದ್ದು ಅಲ್ಲಿಂದಲೇ. ಮಗ ಪೂರ್ತಿ ದೇವರೇ ಆದರೆ, ಹಸಿದವನು ಯಾರು? ದೋಣಿಯಲ್ಲಿ ನಿದ್ದೆ ಹೋದವನು, ಅತ್ತವನು, ಶಿಲುಬೆಯ ಮೇಲೆ ಸತ್ತವನು ಯಾರು? ನಮಗೆ ಅವತಾರ ಅನ್ನೋ ಪದ ಥಟ್ಟನೆ ಹೊಳೆಯುತ್ತದೆ. ಆದರೆ ಅವರಿಗೆ ರೂಪ ತಾಳಿದ ಅಂದರೆ ಸಾಲದು. ಮನುಷ್ಯನ ಮನಸ್ಸು, ನೋವು, ಸಾವು ಎಲ್ಲ ನಿಜವಾಗಿ ಇರಬೇಕು. ಜೊತೆಗೆ ದೇವರಿಗೆ ನೋವಾಯಿತು ಅಂತ ಹೇಳಲೂ ಭಯ.

428ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಬಿಷಪ್ಪನಾದ ನೆಸ್ಟೋರಿಯಸ್, ಮರಿಯಳನ್ನು ದೇವಮಾತೆ ಅನ್ನುವ ರೂಢಿಗೆ ತಕರಾರು ತೆಗೆದ. ಕ್ರಿಸ್ತಮಾತೆ ಅನ್ನಿ, ಸರಿಯಾಗಿರುತ್ತದೆ ಅಂದ. ಅಲೆಕ್ಸಾಂಡ್ರಿಯದ ಸಿರಿಲ್‌ನಿಗೆ ಇದು ಒಬ್ಬ ಕ್ರಿಸ್ತನನ್ನು ಸೀಳಿ ಇಬ್ಬರನ್ನಾಗಿ ಮಾಡಿದ ಹಾಗೆ ಕಂಡಿತು. 431ರ ಎಫೆಸಸ್ ಸಭೆ ನೆಸ್ಟೋರಿಯಸನನ್ನು ಪದಚ್ಯುತಗೊಳಿಸಿತು. 435ರಲ್ಲಿ ಚಕ್ರವರ್ತಿ ಎರಡನೇ ಥಿಯೊಡೋಸಿಯಸ್ ಅವನ ಪುಸ್ತಕಗಳನ್ನು ಸುಡಲು ಆಜ್ಞೆ ಹೊರಡಿಸಿದ. 451ರ ಕಾಲ್ಸಿಡನ್ ಸಭೆ ಒಬ್ಬ ವ್ಯಕ್ತಿ, ಎರಡು ಸ್ವಭಾವ ಅಂತ ಸೂತ್ರ ಕೊಟ್ಟಿತು. ಈಜಿಪ್ಟಿನ, ಸಿರಿಯಾದ ಎಷ್ಟೋ ಜನ ಅದನ್ನೂ ಒಪ್ಪಲಿಲ್ಲ.

ರೋಮಿನ ಗಡಿಯಾಚೆ, ಪರ್ಶಿಯಾದಲ್ಲಿದ್ದ ಪೂರ್ವದ ಸಭೆ ಹಿಡಿದದ್ದು ಆಂಟಿಯೋಕ್ ಗುರುಗಳ ದಾರಿ. ನೆಸ್ಟೋರಿಯಸ್ ಆ ಸಭೆಯ ಸ್ಥಾಪಕನಲ್ಲ, ಆದರೂ ವಿರೋಧಿಗಳು ಅದಕ್ಕೆ ನೆಸ್ಟೋರಿಯನ್ ಅಂತಲೇ ಹೆಸರಿಟ್ಟರು. ಅವರ ಸಿರಿಯಾಕ್ ಸೂತ್ರ: ಎರಡು ಕ್ಯಾನಾ, ಎರಡು ಕ್ನೋಮಾ, ಒಂದು ಪರ್ಸೋಪಾ. ಕ್ಯಾನಾ ಅಂದರೆ ಸ್ವಭಾವ, ಪರ್ಸೋಪಾ ಅಂದರೆ ಎದುರಿಗೆ ಕಾಣುವ ವ್ಯಕ್ತಿ. ನಡುವಿನ ಕ್ನೋಮಾ ಇದೆಯಲ್ಲ, ಅದು ಒಂದು ಸ್ವಭಾವದ ನಿರ್ದಿಷ್ಟ ಇರುವಿಕೆ ಅಂತ ಇವರ ಅರ್ಥ. ಗ್ರೀಕರ ಕಿವಿಗೆ ಅದು ವ್ಯಕ್ತಿ ಅಂತಲೇ ಬಿತ್ತು. ಅಲ್ಲಿಗೆ ಇಬ್ಬರು ಕ್ರಿಸ್ತರು ಅನ್ನುವ ಆರೋಪ ಅಂಟಿಕೊಂಡಿತು. ನನ್ನ ಮಟ್ಟಿಗೆ ಈ ಜಗಳದ ಅರ್ಧ ಪಾಲು ಅನುವಾದದ್ದೇ. 1994ರ ನವೆಂಬರಿನಲ್ಲಿ ಪೋಪ್ ಎರಡನೇ ಜಾನ್ ಪಾಲ್ ಮತ್ತು ಪೂರ್ವದ ಸಭೆಯ ಕುಲಪತಿ ಮಾರ್ ದಿನ್ಖಾ ಒಂದೇ ಹೇಳಿಕೆಗೆ ಸಹಿ ಹಾಕಿ, ದೇವಮಾತೆ, ಕ್ರಿಸ್ತಮಾತೆ ಎರಡೂ ಒಂದೇ ನಂಬಿಕೆಯ ಮಾತು ಅಂತ ಒಪ್ಪಿಕೊಂಡರು. ಹದಿನೈದು ಶತಮಾನ ಬೇಕಾಯಿತು.

ಮಲಬಾರಿನ ಕ್ರೈಸ್ತರಿಗೆ ಬಿಷಪ್ಪರು ಬರುತ್ತಿದ್ದದ್ದು ಈ ಪರ್ಶಿಯಾದ ಸಭೆಯಿಂದ. 849ರ ಕೊಲ್ಲಂ ತರಿಸಾಪಳ್ಳಿ ತಾಮ್ರಪಟಗಳ ಕೊನೆಯಲ್ಲಿ ಸಾಕ್ಷಿಗಳು ಪಹ್ಲವಿ, ಕೂಫಿ ಅರಬ್ಬಿ, ಹೀಬ್ರೂ ಲಿಪಿಗಳಲ್ಲಿ ರುಜು ಹಾಕಿದ್ದಾರೆ. ಹಾಗಾಗಿ ಗುಡ್ಡದ ಶಿಲುಬೆಯ ಮೇಲೆ ಪಹ್ಲವಿ ಕಂಡರೆ ಆಶ್ಚರ್ಯವಿಲ್ಲ. ಅದನ್ನು ಪಹ್ಲವಿ ಅಂತ ಗುರುತಿಸಿ ಮೊದಲು ವಿವರವಾಗಿ ಬರೆದವರು ಎ.ಸಿ. ಬರ್ನೆಲ್, 1873ರಲ್ಲಿ. ಆ ಪುಟ್ಟ ಪುಸ್ತಕ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ.

ಬರ್ನೆಲ್ ಓದಿನ ತಾತ್ಪರ್ಯ ಇಷ್ಟು: ಶಿಲುಬೆಯ ಶಿಕ್ಷೆಯಲ್ಲಿ ನೋವುಂಡವನೇ ನಿಜವಾದ ಕ್ರಿಸ್ತ, ಮೇಲಿರುವ ದೇವರು, ಸದಾ ಶುದ್ಧನಾದ ಮಾರ್ಗದರ್ಶಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡಿ. ಮಾರ್ಗದರ್ಶಿ ಅಂದರೆ ಪವಿತ್ರಾತ್ಮ ಎಂದಿಟ್ಟುಕೊಂಡರೆ, ತ್ರಿತ್ವದ ಮೂವರೂ ಶಿಲುಬೆಯ ಮೇಲೆ ನೋವು ತಿಂದರು ಅಂತ ಆಗುತ್ತದೆ. ಪರ್ಶಿಯಾದ ಸಭೆ ಕಿವಿ ಮುಚ್ಚಿಕೊಳ್ಳುತ್ತಿದ್ದ ಮಾತು ಅದೇ! ದೇವರು ನೋವುಂಡ ಅನ್ನಬಾರದು ಎಂಬುದೇ ಅವರ ಹಟ. ಅವರದೇ ಲಿಪಿಯ ಕಲ್ಲು ಅವರ ವಿರುದ್ಧ ಪಕ್ಷದ ಮಾತು ಆಡುವುದು ಹೇಗೆ? ಇಷ್ಟು ಸಾಕಿತ್ತು ಆ ಓದಿನ ಮೇಲೆ ಅನುಮಾನ ಬರಲು. ಬರ್ನೆಲ್‌ಗೆ ಎಲ್ಲೆಡೆ ಪಂಥಗಳೇ ಕಾಣುತ್ತಿದ್ದವು ಅನ್ನಿ. ಮಣಿಗ್ರಾಮಂ ಅನ್ನೋದನ್ನೂ ಅವರು ಮಾನಿಯ ಪಂಥದವರ ಗ್ರಾಮ ಅಂತ ಬಗೆದರು. ಅದು ವರ್ತಕರ ಸಂಘದ ಹೆಸರು ಅನ್ನೋದು ಅಯ್ಯಾವೊಳೆ ಐನೂರ್ವರನ್ನು ಬಲ್ಲ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಮುಂದಿನ ವರ್ಷವೇ ಮಾರ್ಟಿನ್ ಹೌಗ್, ಹಿಂದೆ ಪುಣೆಯಲ್ಲಿ ಸಂಸ್ಕೃತ ಕಲಿಸಿದ್ದವರು, ಅದೇ ಸಾಲಿನಿಂದ ನೈಸೀಯಾದವರು ಮೆಚ್ಚುವಂಥ ತ್ರಿತ್ವದ ನಂಬಿಕೆಯನ್ನು ತೆಗೆದರು: ಮೆಸ್ಸೀಯನನ್ನೂ ಮೇಲಿನ ದೇವರನ್ನೂ ಪವಿತ್ರಾತ್ಮನನ್ನೂ ನಂಬುವವನಿಗೆ ಶಿಲುಬೆ ಹೊತ್ತವನ ಕೃಪೆ ಸಿಗುತ್ತದೆ ಅಂತ. ಇ.ಡಬ್ಲ್ಯೂ. ವೆಸ್ಟ್ ಅವರದು ಮತ್ತೊಂದು ಪಾಠ, ಅದೂ ಕ್ರಿಸ್ತನ ಯಾತನೆಯ ಸುತ್ತಲೇ. ಒಂದೇ ಕಲ್ಲು, ಅವೇ ಗೀಟುಗಳು.

ಇಷ್ಟೊಂದು ಓದು ಹೇಗೆ ಸಾಧ್ಯ? ತಪ್ಪು ಲಿಪಿಯದೂ ಹೌದು. ಪಹ್ಲವಿಯಲ್ಲಿ ಅಕ್ಷರಗಳು ಸವೆದು ಸವೆದು ಒಂದರಂತೆ ಇನ್ನೊಂದು ಆಗಿವೆ. ಒಂದು ನೆಟ್ಟನೆಯ ಗೀಟು ವ ಆಗಬಹುದು, ನ ಆಗಬಹುದು, ರ ಕೂಡ ಆಗಬಹುದು. ಹ್ರಸ್ವ ಸ್ವರಗಳನ್ನು ಬರೆಯುವುದಿಲ್ಲ. ಸಾಲದ್ದಕ್ಕೆ ಅರಮಾಯಿಕ್ ಪದ ಬರೆದು ಅದನ್ನು ಪರ್ಶಿಯನ್ ಪದವಾಗಿ ಓದುವ ಪದ್ಧತಿ ಬೇರೆ. ಈ ಶಾಸನದಲ್ಲಿ ಇನ್ನೊಂದು ಕಷ್ಟ: ಬರಹ ಕಮಾನಿನ ಸುತ್ತ ಸಾಗುತ್ತದೆ, ಒಂದು ಉದ್ದ ತುಂಡು, ಒಂದು ಗಿಡ್ಡ ತುಂಡು. ಎಲ್ಲಿಂದ ಶುರು ಅನ್ನೋದೇ ಪ್ರಶ್ನೆ. ಶುರು ಬದಲಾದರೆ ವಾಕ್ಯವೇ ಬದಲಾಗುತ್ತದೆ.

1928ರಲ್ಲಿ ಆಕ್ಸ್‌ಫರ್ಡಿನ ಪ್ರಾಚ್ಯವಿದ್ಯಾ ಸಮ್ಮೇಳನದಲ್ಲಿ ಸಿ.ಪಿ.ಟಿ. ವಿಂಕ್‌ವರ್ತ್ ಒಂದು ಸಾದಾ ಪಾಠ ಮುಂದಿಟ್ಟರು. ಸಿದ್ಧಾಂತ ಇಲ್ಲ, ಯಾತನೆಯ ವರ್ಣನೆ ಇಲ್ಲ. ಕರ್ತನಾದ ಕ್ರಿಸ್ತನೇ, ಇದನ್ನು ಕಂಡರಿಸಿದ ಚಹಾರ್‌ಬುಖ್ತನ ಮಗ ಅಫ್ರಾಸನನ್ನು ಕರುಣಿಸು ಎಂಬ ಬೇಡಿಕೆ, ಅಷ್ಟೇ. 1970ರಲ್ಲಿ ಗೆರ್ಡ್ ಗ್ರೋಪ್ ಮಗನ ಹೆಸರನ್ನು ಸಬ್ರಿಶೋ ಅಂತ ತಿದ್ದಿದರು. ಹೆಸರಿನ ಬಗ್ಗೆ ಚರ್ಚೆ ಇದ್ದೇ ಇದೆ, ಆದರೆ ಇದು ದಾನಿಯ ಪ್ರಾರ್ಥನೆ ಅನ್ನುವ ಚೌಕಟ್ಟು ನಿಂತಿದೆ. ತಂದೆಯ ಹೆಸರು, ಮಗನ ಹೆಸರು, ಮಾಡಿದ ಕೆಲಸ, ಬೇಡಿದ ಫಲ. ನಮ್ಮ ಊರಿನ ದಾನಶಾಸನ ಓದಿದ ಯಾರಿಗಾದರೂ ಇದು ಪರಿಚಿತ ನಡೆ ಅಲ್ವಾ? ಅಂದಹಾಗೆ ಚಹಾರ್‌ಬುಖ್ತ್ ಅಂದರೆ ‘ನಾಲ್ವರಿಂದ ಪಾರಾದವನು’. ಎಲ್ಲರೂ ಮೂರನ್ನು ಹುಡುಕುತ್ತಿದ್ದ ಸಾಲಿನಲ್ಲಿ ಇದ್ದದ್ದು ನಾಲ್ಕು!

‘ಕರ್ತನಾದ ಮೆಸ್ಸೀಯ’ ಅನ್ನುವ ಸಂಬೋಧನೆಯನ್ನು ಸಿರಿಲ್‌ನ ಶಿಷ್ಯನೂ ಆಡುತ್ತಿದ್ದ, ನೆಸ್ಟೋರಿಯಸನ ಶಿಷ್ಯನೂ ಆಡುತ್ತಿದ್ದ. ಅದರಿಂದ ಪಕ್ಷ ತಿಳಿಯುವುದಿಲ್ಲ. ಹಾಗಂತ ಈ ಸಭೆಯವರಿಗೆ ಕಲ್ಲಿನ ಮೇಲೆ ಸಿದ್ಧಾಂತ ಬರೆಯಲು ಬರುತ್ತಿರಲಿಲ್ಲ ಅನ್ನಬೇಡಿ. ಅದೇ ಸಭೆಯವರು 781ರಲ್ಲಿ ಚೀನಾದಲ್ಲಿ ನಿಲ್ಲಿಸಿದ, ಈಗ ಶಿಯಾನ್ ನಗರದಲ್ಲಿರುವ ಶಿಲಾಸ್ತಂಭ ನೋಡಿ. ಆಳೆತ್ತರಕ್ಕಿಂತ ದೊಡ್ಡ ಕಲ್ಲು, ಚೀನೀ ಅಕ್ಷರ, ಅಂಚಿನಲ್ಲಿ ಸಿರಿಯಾಕ್ ಹೆಸರುಗಳು. ಅದನ್ನು ರಚಿಸಿದ ಜಿಂಗ್‌ಜಿಂಗ್ ಎಂಬ ಪಾದ್ರಿ ಶುರುವಿನಲ್ಲೇ ‘ಮೂರು-ಒಂದು’ ಎಂಬ ಪದ ಬಳಸುತ್ತಾನೆ. ಆ ಮೂರು-ಒಂದರ ಒಂದು ‘ಅಂಶದೇಹ’ ತನ್ನ ಮಹಿಮೆಯನ್ನು ಮರೆಮಾಡಿಕೊಂಡು ಮನುಷ್ಯರಂತೆ ಕಾಣಿಸಿಕೊಂಡಿತು ಎಂಬ ಅರ್ಥದ ಮಾತಿದೆ. ಅಂಶದೇಹಕ್ಕೆ ಅವನು ಬಳಸಿದ ಪದ ಬೌದ್ಧರಿಂದ ಎರವಲು. ಶಿಲುಬೆಯ ಸಾವನ್ನು ಮಾತ್ರ ಅಲ್ಲಿ ಬಿಡಿಸಿ ಹೇಳಿಲ್ಲ. ಅದು ಚಕ್ರವರ್ತಿಯ ಆಸ್ಥಾನಕ್ಕೂ ಕೇಳಿಸಬೇಕಾದ ಸಾರ್ವಜನಿಕ ಪ್ರಶಸ್ತಿ. ಗುಡ್ಡದ ಕಲ್ಲು ಒಬ್ಬ ಮನುಷ್ಯನ ಖಾಸಗಿ ಹರಕೆ. ಎರಡನ್ನೂ ಒಂದೇ ಕಣ್ಣಿನಿಂದ ಓದಲು ಹೋದರೆ ಎಡವುತ್ತೇವೆ.

ಈಗ 1599ಕ್ಕೆ ಬರೋಣ. ಗೋವಾದ ಆರ್ಚ್‌ಬಿಷಪ್ ಅಲೆಇಷೊ ದ ಮೆನೆಜಿಸ್ ಕೇರಳದ ಉದಯಂಪೇರೂರಿನಲ್ಲಿ ಸಭೆ ಕರೆದು, ತೋಮ ಕ್ರೈಸ್ತರ ಸಿರಿಯಾಕ್ ಪುಸ್ತಕಗಳನ್ನು ತರಿಸಿ ಪರೀಕ್ಷೆ ಮಾಡಿಸಿದ. ಕ್ರಿಸ್ತನನ್ನು ಇಬ್ಬರಾಗಿ ಮಾಡುತ್ತೀರಿ, ಮರಿಯಳನ್ನು ದೇವಮಾತೆ ಅನ್ನುವುದಿಲ್ಲ ಎಂಬುದು ಆರೋಪ, ಎಫೆಸಸ್ಸಿನ ಅದೇ ಹಳೇ ಆರೋಪ. ನೆಸ್ಟೋರಿಯಸನ ಹೆಸರು ಪ್ರಾರ್ಥನೆಯಿಂದ ಹೋಯಿತು. ಕೆಲವು ಪುಸ್ತಕ ತಿದ್ದಿದರು, ಎಷ್ಟೋ ಪುಸ್ತಕ ಸುಟ್ಟರು. ಆ ಸಮುದಾಯದ ಹಳೆಯ ಚರಿತ್ರೆ ಬರೆಯಲು ಕೂತವರಿಗೆಲ್ಲ ಈ ನಷ್ಟ ಇವತ್ತಿಗೂ ಅಡ್ಡ ಬರುತ್ತದೆ. ಅದೇ ಹೊತ್ತಿಗೆ, ಅದೇ ಪರ್ಶಿಯಾದ ಸಭೆಯವರು ಕೆತ್ತಿಸಿದ ಗುಡ್ಡದ ಶಿಲುಬೆಗೆ ಪೋರ್ಚುಗೀಸರು ಮೊಣಕಾಲೂರಿ ನಮಿಸುತ್ತಿದ್ದರು. ಅದರಿಂದ ರಕ್ತದ ಬೆವರು ಇಳಿಯುತ್ತದೆ ಎಂದು ನಂಬಿದ್ದರು. ಪುಸ್ತಕ ಓದಲು ಬಂತು, ಸುಟ್ಟರು. ಕಲ್ಲು ಓದಲು ಬರಲಿಲ್ಲ, ಪೂಜಿಸಿದರು.

ಇದೇ ಸಾಲು ಕೋಟ್ಟಯಂ ವಲಿಯಪಳ್ಳಿ, ಕಡಮಟ್ಟಂ, ಮುಟ್ಟುಚಿರ ಮುಂತಾದ ಕಡೆಯ ಶಿಲುಬೆಗಳ ಮೇಲೂ ಇದೆ, ಸಣ್ಣಪುಟ್ಟ ವ್ಯತ್ಯಾಸದೊಂದಿಗೆ, ಅದೇ ಚಹಾರ್‌ಬುಖ್ತನ ಮಗನ ಹೆಸರಿನಲ್ಲಿ. ಒಬ್ಬನೇ ದಾನಿ ಊರೂರು ತಿರುಗಿ ಕೆತ್ತಿಸಿದ ಅನ್ನುವುದಕ್ಕಿಂತ, ಒಂದನ್ನು ನೋಡಿ ಇನ್ನೊಂದನ್ನು ಕಂಡರಿಸಿದರು ಅನ್ನುವುದೇ ಸರಿ ಕಾಣುತ್ತದೆ. ನಂತರದ ರೂವಾರಿಗಳಿಗೆ ಪಹ್ಲವಿ ಬರುತ್ತಿರಲಿಲ್ಲ. ಗೀಟುಗಳನ್ನು ಶಿಲುಬೆಯ ಅಂಗವೆಂದೇ ತಿಳಿದು ನಕಲು ಮಾಡಿದ್ದಾರೆ. ಕೋಟ್ಟಯಂನ ಒಂದು ಕಲ್ಲಿನಲ್ಲಿ ಮಾತ್ರ ಇದರ ಜೊತೆಗೆ ಸಿರಿಯಾಕ್ ಅಕ್ಷರದಲ್ಲಿ ಪೌಲನ ಗಲಾತ್ಯ ಪತ್ರಿಕೆಯ ಒಂದು ವಾಕ್ಯ ಸೇರಿಸಿದ್ದಾರೆ, ಶಿಲುಬೆಯ ಹೊರತು ಬೇರೆ ಹೆಮ್ಮೆ ನನಗಿಲ್ಲ ಎಂಬರ್ಥದ್ದು. ಇನ್ನು ಗಿಡ್ಡ ತುಂಡಿನಲ್ಲಿರುವ ಕ್ರಿಯಾಪದ ‘ಕಡಿದ’ ಎಂದೋ ‘ಹೊತ್ತು ತಂದ’ ಎಂದೋ ಎಂಬ ವಾದ ಪಹ್ಲವಿ ಬಲ್ಲವರ ನಡುವೆ ಈಗಲೂ ನಡೆಯುತ್ತಿದೆ.