ಕಣ್ಣೀರಿನ ಕಂತುಗಳು, ಚಾಕೊಲೇಟ್ ಕಾರ್ಡುಗಳು

ಫ್ರಾನ್ಸಿನ ಮೂಕಿ ಮೆಲೋಡ್ರಾಮಾಗಳಲ್ಲಿ ಎಷ್ಟೋ ಚಿತ್ರಗಳ ರೀಲುಗಳು ಇಂದು ಉಳಿದಿಲ್ಲ. ಆಗಿನ ನೈಟ್ರೇಟ್ ಫಿಲ್ಮು ಇಟ್ಟಲ್ಲೇ ಕೊಳೆಯುತ್ತಿತ್ತು, ಕಿಡಿ ತಾಗಿದರೆ ಭಗ್ಗನೆ ಉರಿಯುತ್ತಿತ್ತು. ಮಾತಿನ ಚಿತ್ರ ಬಂದ ಮೇಲೆ ಹಳೆಯ ಪ್ರತಿಗಳನ್ನು ಬೆಳ್ಳಿಗಾಗಿ ಕರಗಿಸಿದ್ದೂ ಉಂಟು. ಆದರೆ ಚಾಕೊಲೇಟ್ ಪೊಟ್ಟಣದ ಜತೆ ಬಿಟ್ಟಿಯಾಗಿ ಸಿಗುತ್ತಿದ್ದ ಅಂಗೈಯಗಲದ ಕಾರ್ಡುಗಳು ಮನೆಮನೆಯ ಆಲ್ಬಮ್ಮುಗಳಲ್ಲಿ ಬದುಕಿಕೊಂಡವು. ಅವನ್ನು ಮಕ್ಕಳ ಸಂಗ್ರಹವೆಂದು ಬದಿಗಿಡುವುದು ಅನ್ಯಾಯ. ಮೆಲೋಡ್ರಾಮಾದ ಜೀವ ಯಾವ ಕ್ಷಣದಲ್ಲಿದೆ ಎಂಬುದನ್ನು ಅವು ತೋರಿಸುವಷ್ಟು ಸ್ಪಷ್ಟವಾಗಿ ವಿಮರ್ಶೆಯ ಪುಟಗಳೂ ತೋರಿಸುವುದಿಲ್ಲ.

ಆ ಕ್ಷಣ ಹುಟ್ಟಿದ್ದು ರಂಗದ ಮೇಲೆ. ನಾಟಕಕಾರ ಪಿಕ್ಸೆರೆಕೂರ್ 1800ರಲ್ಲಿ 'ಸೆಲಿನಾ' ನಾಟಕವನ್ನು ಪ್ಯಾರಿಸ್ಸಿಗೆ ಕೊಟ್ಟ ಕಾಲದಿಂದಲೂ ಅಂಕದ ಕೊನೆಗೆ ನಟರೆಲ್ಲ ಇದ್ದ ಭಂಗಿಯಲ್ಲೇ ನಿಂತು, ಸ್ತಬ್ಧಚಿತ್ರವಾಗಿ, ಪರದೆ ಬೀಳುವ ಪದ್ಧತಿ ಬೆಳೆಯಿತು. ಕಾಲು ಹಿಡಿದ ತಾಯಿ, ಬೆರಳು ತೋರಿದ ಖಳ, ಬಾಗಿಲಲ್ಲಿ ನಿಂತ ಅನಾಥ ಮಗು. ಡೆನ್ನರಿ ಮತ್ತು ಕೊರ್ಮೋ ಬರೆದ 'ಇಬ್ಬರು ಅನಾಥೆಯರು' (1874) ಈ ಜಾತಿಯ ನಾಟಕಗಳಲ್ಲಿ ಬಹಳ ದೂರ ಸಾಗಿದ್ದು. ನಿರ್ದೇಶಕ ಗ್ರಿಫಿತ್ 1921ರಲ್ಲಿ ಅಮೆರಿಕದಲ್ಲಿ ಅದನ್ನೇ ಚಿತ್ರ ಮಾಡಿದ.

ಸಿನಿಮಾ ಈ ಆಸ್ತಿಗೆ ಕೈಹಾಕಿದ್ದು ತಡವಾಗಿ. 'ಇಬ್ಬರು ಪೋರರು' ನಾಟಕದಿಂದ ಹೆಸರಾಗಿದ್ದ ಪಿಯೆರ್ ದೆಕೂರ್ಸೆಲ್ 1908ರಲ್ಲಿ ಪಾಥೆ ಕಂಪನಿಯ ಬೆಂಬಲದಿಂದ ಲೇಖಕರ ಕೃತಿಗಳನ್ನು ಚಿತ್ರವಾಗಿಸುವ ಸಂಸ್ಥೆ ಕಟ್ಟಿದ. ಅಲ್ಲಿನ ಮುಖ್ಯ ನಿರ್ದೇಶಕ ಆಲ್ಬೇರ್ ಕಾಪೆಲಾನಿ. 1909ರಲ್ಲಿ ಜೋಲಾನ 'ಲಾಸೊಮ್ವಾರ್', 1912ರಲ್ಲಿ ನಾಲ್ಕು ಭಾಗಗಳ 'ಲೆ ಮಿಜರಾಬ್ಲ್'. ಮರುವರ್ಷ ಗೋಮೋ ಕಂಪನಿಗಾಗಿ ಲಿಯೋನ್ಸ್ ಪೆರೆ 'ಪ್ಯಾರಿಸ್ಸಿನ ಮಗು' ತೆಗೆದ. ಕಳೆದುಹೋದ ಹುಡುಗಿ, ಅವಳನ್ನು ಹಿಡಿದಿಟ್ಟ ಕಳ್ಳರು, ಅವಳನ್ನು ಉಳಿಸುವ ಗೂನುಬೆನ್ನಿನ ಬಡ ಹುಡುಗ: ಕಥೆ ಹಳೆಯದೇ. ಆದರೆ ಬೆಳಕಿಗೆ ಬೆನ್ನು ಕೊಟ್ಟು ನಿಂತ ಪಾತ್ರಗಳು, ಪ್ಯಾರಿಸ್ಸಿನ ಬೀದಿ, ನೀಸ್ ನಗರದ ಬಿಸಿಲು ಅದಕ್ಕೆ ರಂಗದಲ್ಲಿ ಇಲ್ಲದ ಉಸಿರು ತಂದವು.

ಮೊದಲ ಮಹಾಯುದ್ಧ ಇದೆಲ್ಲವನ್ನೂ ಬದಲಿಸಿತು. ಫ್ರಾನ್ಸ್ ಹದಿಮೂರು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತು. ಯುದ್ಧದಲ್ಲಿ ತಂದೆ ಸತ್ತ ಮಕ್ಕಳ ಹೊಣೆಯನ್ನು ದೇಶವೇ ಹೊರುವ ಕಾನೂನು 1917ರಲ್ಲಿ ಬಂತು. 'ಲೆ ವಾಂಪೀರ್', 'ಜ್ಯುಡೆಕ್ಸ್' ಎಂದು ಕಳ್ಳರ, ಮುಸುಕುಧಾರಿಗಳ ಧಾರಾವಾಹಿ ಮಾಡುತ್ತಿದ್ದ ಲೂಯಿ ಫ್ಯೂಯಾದ್ 1921ರಲ್ಲಿ ಹನ್ನೆರಡು ಕಂತುಗಳ 'ಲೆ ದ್ಯೂ ಗಾಮಿನ್', ಅಂದರೆ 'ಇಬ್ಬರು ಹುಡುಗಿಯರು' ಚಿತ್ರಕ್ಕೆ ಹೊರಳಿದ. ದಿಕ್ಕಿಲ್ಲದೆ ಅಜ್ಜನ ಮನೆ ಸೇರುವ ಅಕ್ಕತಂಗಿಯರ ಕಥೆ. ಅಕ್ಕನ ಪಾತ್ರದಲ್ಲಿ, ಕ್ರಾಂತಿಯ ನಂತರ ರಷ್ಯಾ ಬಿಟ್ಟು ಬಂದಿದ್ದ ಬ್ಯಾಲೆ ಕಲಾವಿದೆ ಸಾಂದ್ರಾ ಮಿಲೋವಾನಾಫ್. ಇದರ ಬೆನ್ನಿಗೇ 'ಲೋರ್ಫೆಲಿನ್', 'ಪಾರಿಸೆಟ್' ಬಂದವು. ಫ್ಯೂಯಾದ್ ಅಪರಾಧ ಬಿಟ್ಟು ಕಣ್ಣೀರಿಗೆ ಇಳಿದದ್ದನ್ನು ಹಿನ್ನಡೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ತಂದೆಯಿಲ್ಲದ ಮಕ್ಕಳು ಊರೂರಲ್ಲಿದ್ದ ದೇಶದಲ್ಲಿ ಅನಾಥೆಯ ಕಥೆ ಸವಕಲು ಸರಕಾಗಿರಲಿಲ್ಲ.

ಕಾರ್ಡುಗಳ ಚರಿತ್ರೆ ಸಿನಿಮಾಕ್ಕಿಂತ ಹಳೆಯದು. ಮುದ್ರಕ ಎಂಗಲ್‌ಮನ್ 1837ರಲ್ಲಿ ಬಣ್ಣದ ಕಲ್ಲಚ್ಚಿಗೆ ಪೇಟೆಂಟ್ ಪಡೆದ. ಪ್ಯಾರಿಸ್ಸಿನ ಬೋ ಮಾರ್ಶೆ ಮಳಿಗೆ ಗಿರಾಕಿಗಳ ಮಕ್ಕಳಿಗೆ ಬಣ್ಣದ ಚಿತ್ರ ಹಂಚತೊಡಗಿತು. ಮಾಂಸದ ಸಾರದ ಲೀಬಿಗ್ ಕಂಪನಿ ಹೆಚ್ಚಾಗಿ ಆರಾರು ಕಾರ್ಡುಗಳ ಸರಣಿ ಹೊರಡಿಸಿ, ಸರಣಿ ತುಂಬುವ ಆಸೆಯನ್ನೇ ವ್ಯಾಪಾರದ ಯಂತ್ರವಾಗಿಸಿತು. 1900ರ ಆಸುಪಾಸಿನಲ್ಲಿ ದಿನಸಿ ವ್ಯಾಪಾರಿ ಫೆಲಿಕ್ಸ್ ಪೊತಾಂ ಅಂಗಡಿಗಳು ಪ್ರಸಿದ್ಧರ ಫೋಟೊಗಳನ್ನು ಕೊಡತೊಡಗಿದಾಗ ನಟನಟಿಯರ ಮುಖ ಸಾಮಾನ್ಯರ ಮನೆ ಹೊಕ್ಕಿತು. 1921ರಲ್ಲಿ ಶುರುವಾದ 'ಸಿನೆಮಾಗಜಿನ್' ಪತ್ರಿಕೆ ತಾರೆಯರ ಪೋಸ್ಟ್‌ಕಾರ್ಡುಗಳನ್ನು ತಾನೇ ಅಚ್ಚು ಹಾಕಿ ಮಾರಿತು. ಗಡಿಯಾಚೆ ಬಾರ್ಸಿಲೋನಾದಲ್ಲಿ ಅಮಾಟ್ಲರ್‌ನಂಥ ಚಾಕೊಲೇಟ್ ಕಂಪನಿಗಳು ಇಡೀ ಚಿತ್ರವನ್ನೇ ದೃಶ್ಯದೃಶ್ಯವಾಗಿ, ಅನುಕ್ರಮ ಸಂಖ್ಯೆ ಹಾಕಿ ಕಾರ್ಡಿಗೆ ಇಳಿಸಿದವು.

ಈ ದೃಶ್ಯಕಾರ್ಡುಗಳೇ ನನಗೆ ಅತಿ ಮುಖ್ಯ. ತಾರೆಯ ಮುಖ ಯಾವ ಚಿತ್ರಕ್ಕಾದರೂ ಸಲ್ಲುತ್ತದೆ, ದೃಶ್ಯ ಹಾಗಲ್ಲ. ಹನ್ನೆರಡು ಕಂತುಗಳಿಂದ ಕೆಲವೇ ಚಿತ್ರ ಆಯಬೇಕಾದವನು ಹಾದಿ ನಡೆದದ್ದನ್ನು, ಪತ್ರ ಬರೆದದ್ದನ್ನು ಬಿಟ್ಟು ಅಪ್ಪುಗೆ, ಶಾಪ, ಗುರುತು ಹಿಡಿದ ಗಳಿಗೆಗಳನ್ನೇ ಆಯುತ್ತಾನೆ. ಹಳೆಯ ನಾಟಕದಲ್ಲಿ ಪರದೆ ಬೀಳುತ್ತಿದ್ದ ಜಾಗಗಳೇ ಅವು.

ಆದರೂ ಎಚ್ಚರ ಬೇಕು. ಪ್ರಚಾರದ ಫೋಟೊಗಳನ್ನು ಸಾಮಾನ್ಯವಾಗಿ ಸೆಟ್ಟಿನಲ್ಲಿ ನಟರನ್ನು ಬೇರೆಯಾಗಿ ನಿಲ್ಲಿಸಿ ತೆಗೆಯುತ್ತಿದ್ದರು. ಕ್ಯಾಮೆರಾದ ಕೋನವೂ ಭಂಗಿಯೂ ಚಿತ್ರದಲ್ಲಿ ಇದ್ದಂತೆಯೇ ಇರಬೇಕಿಲ್ಲ. ಕಾರ್ಡಿನ ಬಣ್ಣ ಮುದ್ರಕನದು, ಚಿತ್ರದ ಪ್ರತಿಗೆ ಹಾಕಿದ ನೀಲಿ, ಕಂದು ಬಣ್ಣಗಳಲ್ಲ.

ವಿದ್ವಾಂಸರ ಕಣ್ಣು ಈ ಮೆಲೋಡ್ರಾಮಾ ಚಿತ್ರಗಳತ್ತ ಹೊರಳಲು ದಶಕಗಳೇ ಬೇಕಾದವು. 1936ರಲ್ಲಿ ಲಾಂಗ್ಲ್ವಾ, ಫ್ರಾಂಜು ಮೊದಲಾದವರು ಸಿನೆಮಾಟೆಕ್ ಎಂಬ ಚಿತ್ರಸಂಗ್ರಹಾಲಯ ಕಟ್ಟಿ ಫಿಲ್ಮುಗಳನ್ನು ಕಾಪಾಡಿದರೂ ಮಾನ್ಯತೆ ಸಿಕ್ಕಿದ್ದು ಹೆಚ್ಚಾಗಿ ನಿರ್ದೇಶಕರಾದ ಗಾನ್ಸ್, ಎಪ್ಸ್ತೀನ್ ಅವರ ಪ್ರಯೋಗಗಳಿಗೆ. ಗಾನ್ಸ್‌ನ 'ಮಾಟೆರ್ ಡೊಲೊರೊಸಾ' (1917), ಎಪ್ಸ್ತೀನ್‌ನ 'ಕ್ಯೂರ್ ಫಿದೆಲ್' (1923) ಎರಡೂ ಅಪ್ಪಟ ಮೆಲೋಡ್ರಾಮಾಗಳೆಂಬುದನ್ನು ಎಷ್ಟು ಸಲ ಮರೆಯಲಾಗಿದೆ! 2010 ಮತ್ತು 2011ರಲ್ಲಿ ಇಟಲಿಯ ಬೊಲೋನ್ಯಾ ಚಿತ್ರೋತ್ಸವ ಕಾಪೆಲಾನಿಯ ಚಿತ್ರಗಳನ್ನು ಸಾಲಾಗಿ ತೋರಿಸಿದ ಮೇಲೆ ಅವನ ಸ್ಥಾನವೇ ಬದಲಾಯಿತು. ಆನ್ರಿ ಫೆಸ್ಕೂರ್ 1925ರಲ್ಲಿ ಮಾಡಿದ ಆರು ತಾಸಿನ 'ಲೆ ಮಿಜರಾಬ್ಲ್' ಕೂಡ ದುರಸ್ತಿಗೊಂಡು ಮತ್ತೆ ಪರದೆಗೆ ಬಂತು. ಅದರಲ್ಲಿ ಮಿಲೋವಾನಾಫ್ ತಾಯಿ ಫಾಂಟೀನ್ ಮತ್ತು ಮಗಳು ಕೊಜೆಟ್ ಎರಡೂ ಆಗಿದ್ದಾಳೆ.

ಕಾರ್ಡುಗಳಿಗೆ ಇನ್ನೂ ಅಂಥ ಅದೃಷ್ಟ ಬಂದಿಲ್ಲ. ಅವನ್ನು ಜೋಪಾನ ಮಾಡಿದವರು ಬಹುಪಾಲು ಖಾಸಗಿ ಸಂಗ್ರಾಹಕರು. ಚಿತ್ರದ ಹೆಸರು, ಸರಣಿ ಸಂಖ್ಯೆ, ಕಂಪನಿಯ ಹೆಸರು ಎಷ್ಟೋ ಸಲ ಕಾರ್ಡಿನ ಬೆನ್ನಿಗೆ ಅಚ್ಚಾಗಿರುತ್ತವೆ. ಗೋಂದು ಹಚ್ಚಿ ಆಲ್ಬಮ್ಮಿಗೆ ಅಂಟಿಸಿದ ಕಾರ್ಡಿನಲ್ಲಿ ಅವು ಓದಲು ಸಿಗವು; ಮಾರಾಟಕ್ಕಿಡುವ ಹಲವರು ಮುಂಭಾಗವೊಂದನ್ನೇ ತೋರಿಸುತ್ತಾರೆ. ಕಳೆದುಹೋದ ಚಿತ್ರದ ದೃಶ್ಯಗಳ ಅನುಕ್ರಮ ತಿಳಿಯಬೇಕಾದರೆ ಸಂಗ್ರಹಾಲಯಗಳು ಎರಡೂ ಬದಿಗಳನ್ನು ಸ್ಕ್ಯಾನ್ ಮಾಡಿ, ಫಿಲ್ಮಿನ ದಾಖಲೆಗಳ ಜತೆಯಲ್ಲೇ ಪಟ್ಟಿಮಾಡಬೇಕು.